ಗುಮ್ಮಕ್ಕನ ಮೇಣದ ನಗು

ಇಸ್ತ್ರಿಯಮ್ಮ ಗುಮ್ಮಕ್ಕನನ್ನು ಮೊದಲು ಕಂಡದ್ದು ತಾನು ಬಾಯಿ ತುಂಬ ಗುಲಾಬಿ ಬಣ್ಣದ ಮುದ್ದೆ ಇಟ್ಟುಕೊಂಡು ಮಾತಿಲ್ಲದೆ ಕೂತಿದ್ದ ದಿನ. ಹಲ್ಲಿನ ಡಾಕ್ಟರು ಆ ಮುದ್ದೆಯನ್ನು ತಗಡಿನ ಅಚ್ಚಿಗೆ ತುಂಬಿ ಅವಳ ಕೆಳದವಡೆಗೆ ಒತ್ತಿದ್ದರು. ದವಡೆ ಸವೆದು ಹಲಗೆಯಂತಾಗಿದ್ದರಿಂದ ಅಚ್ಚು ನಿಲ್ಲದೆ ಜಾರುತ್ತಿತ್ತು. ಎರಡು ಸಲ ಕೆಟ್ಟ ಮೇಲೆ ಡಾಕ್ಟರು ಹಿಂದಿನ ಗೋಡೆಗೆ ಗುದ್ದಿ, "ಇನ್ನೊಂದು ಕೈ ಬೇಕು, ಬಾರಮ್ಮಾ!" ಎಂದು ಕೂಗಿದರು.

ಗೋಡೆಯ ಪಕ್ಕದ ಸಣ್ಣ ಬಾಗಿಲು ತೆರೆಯಿತು. ಮೊಣಕೈವರೆಗೆ ಬಿಳಿ ಪುಡಿ ಮೆತ್ತಿಕೊಂಡ, ಹುಬ್ಬಿನ ಮೇಲೂ ಒಂದು ಬಿಳಿ ಗೆರೆ ಎಳೆದುಕೊಂಡ ಹೆಂಗಸು ಬಂದಳು. ನಲವತ್ತು ದಾಟಿದ ವಯಸ್ಸು, ಗಿಡ್ಡ ಕೂದಲು, ಮೂಗಿನ ತುದಿಗೆ ಜಾರಿದ ಕನ್ನಡಕ. ಹೊರಗಿನ ಬೆಂಚಿನಲ್ಲಿದ್ದ ಮಗುವೊಂದು ಅವಳನ್ನು ಕಂಡದ್ದೇ ತಾಯಿಯ ಮಡಿಲಿಗೆ ಮುಖ ಹುದುಗಿಸಿತು.

"ನೋಡ್ದಾ, ಹಲ್ಲುಜ್ಜಲಿಲ್ಲ ಅಂದ್ರೆ ಗುಮ್ಮಕ್ಕ ಹಿಡ್ಕೊಂಡು ಹೋಗ್ತಾಳೆ" ಎಂದಳು ತಾಯಿ.

"ಉಜ್ಜಿದ್ರೂ ಹಿಡ್ಕೊಂಡು ಹೋಗ್ತೀನಿ" ಎಂದಳು ಆ ಹೆಂಗಸು, ತಿರುಗಿಯೂ ನೋಡದೆ.

ಅವಳು ಗೋಡೆಯಾಚೆ ಕೂತು ಕಟ್ಟುಹಲ್ಲು ಮಾಡುವವಳು. ಬಂದವರ ಬಾಯಿಯ ಅಚ್ಚಿಗೆ ಸುಣ್ಣದಂಥ ಪುಡಿ ಕಲಸಿ ಹೊಯ್ದು, ಒಣಗಿಸಿ, ಅದರ ಮೇಲೆ ಹಲ್ಲು ಜೋಡಿಸುವುದು ಅವಳ ಕೆಲಸ. ಎರಡೂ ಹೆಬ್ಬೆರಳುಗಳಿಂದ ಇಸ್ತ್ರಿಯಮ್ಮನ ದವಡೆ ಹಿಡಿದುಕೊಂಡಳು. ಡಾಕ್ಟರು ಮತ್ತೆ ಒತ್ತಿದರು. ಈ ಸಲ ಅಚ್ಚು ಕೂತಿತು. ಮುದ್ದೆ ಗಟ್ಟಿಯಾಗುವ ತನಕ ಅವಳು ಕೈ ತೆಗೆಯಲಿಲ್ಲ, ಕಣ್ಣನ್ನೂ ತೆಗೆಯಲಿಲ್ಲ. ಮುದ್ದೆ ಹೊರಬಂದ ಮೇಲೂ ನೋಡುತ್ತಲೇ ಇದ್ದಳು.

"ಏನೇ ಹಂಗೆ ನೋಡ್ತೀಯಾ? ಬೊಚ್ಚುಬಾಯಿ ಕಂಡಿಲ್ವಾ?" ಎಂದಳು ಇಸ್ತ್ರಿಯಮ್ಮ.

"ದಿನಾ ಕಾಣ್ತೀನಿ ಅಮ್ಮಾ. ಎಲ್ಲರೂ ಬಾಯಿಗೆ ಕೈ ಅಡ್ಡ ಇಟ್ಕೊಳ್ತಾರೆ. ನೀವು ಇಟ್ಕೊಳ್ಳಲಿಲ್ಲ."

ಇಸ್ತ್ರಿಯಮ್ಮನಿಗೆ ಆ ಮಾತು ಹಿತವೆನಿಸಿತು. ಏಕೆಂದರೆ ಮನೆಯಲ್ಲಿ ಎಲ್ಲರೂ ಅವಳ ಬಾಯಿಗೆ ಕೈ ಅಡ್ಡ ಇಡುವವರೇ. ಕಟ್ಟುಹಲ್ಲು ಬೇಕೆಂದು ಅವಳು ಕೇಳಿರಲಿಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುತ್ತಾರೆ. ಅವಳಿಗೆ ಹಲ್ಲೂ ಬೇಡ, ಕಡಲೆಯೂ ಬೇಡ, ಮೆತ್ತಗೆ ಬೆಂದದ್ದು ಸಾಕಾಗಿತ್ತು. ಹಲ್ಲು ಬೇಕಾಗಿದ್ದದ್ದು ಸೊಸೆಗೆ. ಸೊಸೆ ಕೆಟ್ಟವಳಲ್ಲ. ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವಳು, ಕಾಲು ನೋವೆಂದರೆ ಎಣ್ಣೆ ತಿಕ್ಕುವಳು. ಆದರೆ ನೆಂಟರು ಬಾಗಿಲು ತಟ್ಟಿದರೆ ಸಾಕು, "ಅತ್ತೆ, ಸ್ವಲ್ಪ ಒಳಗೆ ಕೂತ್ಕೊಳ್ಳಿ, ಆರಾಮಾಗಿರುತ್ತೆ" ಎನ್ನುವಳು. ಯಾರ ಆರಾಮ ಎಂದು ಇಸ್ತ್ರಿಯಮ್ಮ ಕೇಳುತ್ತಿರಲಿಲ್ಲ. ಮಗ ಲಿಫ್ಟ್ ರಿಪೇರಿ ಮಾಡುವವನು. ಹತ್ತು ಮಾಳಿಗೆಯ ಕತ್ತಲೆ ಬಾವಿಯಲ್ಲಿ ಹಗ್ಗ ಹಿಡಿದು ಇಳಿಯುವ ಗಂಡಾಳಿಗೆ ನೆಂಟರ ಮುಂದೆ ಮಾತ್ರ ಕಾಲು ನಡುಗುತ್ತಿತ್ತು.

ಮುಂದಿನ ಸಲ ಹೋದಾಗ ಹಲ್ಲುಗಳು ಮೇಣದಲ್ಲಿ ಕೂತಿದ್ದವು. ಕಟ್ಟುಹಲ್ಲು ಮಾಡುವ ಪದ್ಧತಿಯೇ ಹಾಗೆ. ಮೊದಲು ಗುಲಾಬಿ ಮೇಣದ ಒಸಡಿನಲ್ಲಿ ಹಲ್ಲು ನೆಟ್ಟು, ಬಾಯಿಗೆ ಹಾಕಿ ನೋಡುತ್ತಾರೆ. ನಗು ನೆಟ್ಟಗಿದೆಯೇ, ಮಾತು ತೊದಲುತ್ತದೆಯೇ ಎಂದು ಪರೀಕ್ಷಿಸಿ, ಎಲ್ಲ ಸರಿ ಎನಿಸಿದ ಮೇಲೇ ಗಟ್ಟಿ ಒಸಡು ಎರಕ ಹೊಯ್ಯುವುದು. ಡಾಕ್ಟರು ಮೇಣದ ಹಲ್ಲು ತೊಡಿಸಿ, ಕನ್ನಡಿ ಎದುರಿಗೆ ಕೂರಿಸಿ, ಪಕ್ಕದ ಕುರ್ಚಿಯಲ್ಲಿ ಚೀರುತ್ತಿದ್ದ ಇನ್ನೊಬ್ಬರ ಕಡೆ ಹೋದರು. ಏನನ್ನೂ ಕಚ್ಚಬೇಡಿ ಎಂದಷ್ಟೇ ಹೇಳಿದ್ದರು. ಕುಡಿಯಬೇಡಿ ಎಂದಿರಲಿಲ್ಲ.

ಕೆಲಸದವಳು ಡಾಕ್ಟರಿಗೆಂದು ತಂದ ಬಿಸಿ ಚಹಾವನ್ನು, ಅವರು ಅಲ್ಲಿಲ್ಲದ್ದು ಕಂಡು, ಇಸ್ತ್ರಿಯಮ್ಮನ ಕೈಗೆ ಕೊಟ್ಟಳು. ಕೊಟ್ಟದ್ದನ್ನು ಬೇಡವೆನ್ನಬಾರದೆಂದು ಇಸ್ತ್ರಿಯಮ್ಮ ಕುಡಿದಳು. ಅರ್ಧ ಲೋಟ ಮುಗಿಯುವ ಹೊತ್ತಿಗೆ ಕನ್ನಡಿಯೊಳಗೆ ಏನೋ ಆಗತೊಡಗಿತು. ಅವಳು ನಗುತ್ತಿರಲಿಲ್ಲ, ಕನ್ನಡಿಯಲ್ಲಿದ್ದ ಮುದುಕಿ ನಗುತ್ತಿದ್ದಳು. ಮೇಲಿನ ಸಾಲು ನಿಧಾನವಾಗಿ ಎಡಕ್ಕೆ ಜಾರಿ ತುಟಿಯನ್ನು ಒಳಗಿಂದ ತಳ್ಳುತ್ತಿತ್ತು. ಕಣ್ಣು ಒಬ್ಬಳದು, ಬಾಯಿ ಇನ್ನೊಬ್ಬಳದು. ಇದೇನು ಅವಾಂತರ ಎಂದು ಇಸ್ತ್ರಿಯಮ್ಮನಿಗೆ ನಿಜವಾಗಿಯೇ ನಗು ಬಂತು. ಅದು ಇನ್ನೂ ಘೋರವಾಗಿತ್ತು.

ಸಣ್ಣ ಬಾಗಿಲಲ್ಲಿ ಗುಮ್ಮಕ್ಕ ನಿಂತಿದ್ದಳು. ಅವಳ ಅಷ್ಟು ದಿನದ ಕೆಲಸ ಕಣ್ಣೆದುರೇ ಕರಗುತ್ತಿತ್ತು. ಬೇರೆ ಯಾರೇ ಆಗಿದ್ದರೂ ಬೈದು ಲೋಟ ಕಸಿಯುತ್ತಿದ್ದರು.

"ಅಮ್ಮಾ, ಅಲ್ಲಾಡಬೇಡಿ. ಇನ್ನೊಂದು ಗುಟುಕು ಕುಡೀರಿ" ಎಂದಳು ಅವಳು, ಉಸಿರು ಬಿಗಿಹಿಡಿದು.

ಆ ದಿನವೇ ಅವಳು ಇಸ್ತ್ರಿಯಮ್ಮನನ್ನು ಗೋಡೆಯಾಚೆಗೆ ಕರೆದೊಯ್ದಳು. ಗೂಡಿನಂಥ ಕೋಣೆ, ಒಂದೇ ಕಿಟಕಿ. ಹಲಗೆಗಳ ಮೇಲೆ ಊರಿನವರ ದವಡೆಗಳೆಲ್ಲ ಬಿಳಿಯಾಗಿ ಸಾಲುಗಟ್ಟಿ ಕೂತಿದ್ದವು. ತಿರುಗುವ ಸಾಣೆಕಲ್ಲು, ಒಂದು ಮೂಲೆಯಲ್ಲಿ ದೀಪ, ಎಲ್ಲದರ ಮೇಲೂ ನುಣ್ಣನೆಯ ಪುಡಿ. ಗುಮ್ಮಕ್ಕ ಕೆಮ್ಮುತ್ತಾ ಕುರ್ಚಿಯ ಪುಡಿ ಒರೆಸಿದಳು. ಕೆಲಸ ಬಿಟ್ಟರೆ ತಾನು ಮಾಡುವುದು ಸಿನಿಮಾ ಎಂದಳು. ದೊಡ್ಡದಲ್ಲ, ಚಹಾ ಕುದಿಯುವಷ್ಟು ಹೊತ್ತಿನದು. ಹೆದರಿಸುವ ಸಿನಿಮಾ. ಫೋನಿನಲ್ಲೇ ತೆಗೆದು, ಫೋನಿನಲ್ಲೇ ಕತ್ತರಿಸಿ, ಆಸಕ್ತರು ಸೇರುವ ಕೂಟಗಳಲ್ಲಿ ತೋರಿಸುತ್ತಿದ್ದಳು.

"ಎಲ್ಲಿ, ಒಂದು ತೋರ್ಸು" ಎಂದಳು ಇಸ್ತ್ರಿಯಮ್ಮ.

ಸಿನಿಮಾದಲ್ಲಿ ಒಂದು ಊಟದ ಮೇಜು. ಒಬ್ಬ ಗಂಡಸು ಊಟ ಮಾಡುತ್ತಿದ್ದಾನೆ. ಎದುರಿಗೆ ಇನ್ನೊಂದು ತಟ್ಟೆ. ಹೆಣ್ಣು ದನಿಯೊಂದು ಅವನೊಡನೆ ಮಾತಾಡುತ್ತಿದೆ: ಉಪ್ಪು ಸರಿಯಾಗಿದೆಯಾ, ನಾಳೆ ಬೇಗ ಬರ್ತೀರಾ, ಕಿಟಕಿ ಹಾಕಲಾ. ಗಂಡಸು ತಲೆ ಎತ್ತುವುದಿಲ್ಲ. ಸಿಟ್ಟಿಲ್ಲ, ಬೇಸರವಿಲ್ಲ, ತುಟಿಯ ಮೇಲೆ ಸಣ್ಣ ನಗು. ಅವನು ಕೈ ತೊಳೆದು, ದೀಪ ಆರಿಸಿ ಹೋಗುತ್ತಾನೆ. ಕತ್ತಲಲ್ಲಿ ದನಿ ಕೇಳುತ್ತದೆ, "ನಾನಿನ್ನೂ ಇಲ್ಲೇ ಇದ್ದೀನಲ್ಲಾ." ಅಲ್ಲಿಗೆ ಮುಗಿಯಿತು.

"ದೆವ್ವ ಎಲ್ಲಿ?"

"ಇಲ್ಲ ಅಮ್ಮಾ."

"ಮತ್ತೆ ನನ್ನ ಬೆನ್ನು ಯಾಕೆ ತಣ್ಣಗಾಯ್ತು?"

ಗುಮ್ಮಕ್ಕ ಮೊದಲ ಸಲ ಬಾಯ್ತುಂಬ ನಕ್ಕಳು. ಆಮೇಲೆ ತನ್ನ ಕತೆ ಹೇಳಿದಳು. ಸಣ್ಣವಳಿದ್ದಾಗ ಊಟ ಬೇಡವೆಂದರೆ ಅವಳಮ್ಮ ಅಟ್ಟದ ಮೇಲೆ ಗುಮ್ಮ ಇದೆ ಎನ್ನುತ್ತಿದ್ದಳಂತೆ. ಒಂದು ದಿನ ಇವಳು ಏಣಿ ಹಾಕಿ ಹತ್ತಿ ನೋಡಿದಳು. ಹಳೆ ಪೆಟ್ಟಿಗೆ, ಮುರಿದ ತೊಟ್ಟಿಲು, ಗುಮ್ಮ ಇಲ್ಲ. ಇಳಿದು ಬಂದು ಅತ್ತಳು. ಹೆದರಿ ಅತ್ತದ್ದಲ್ಲ, ಮೋಸವಾಯಿತೆಂದು ಅತ್ತದ್ದು. ದೊಡ್ಡವಳಾದ ಮೇಲೆ ಮದುವೆಯಾಯಿತು. ಗಂಡ ಹೊಡೆಯಲಿಲ್ಲ, ಬೈಯಲಿಲ್ಲ, ಕುಡಿಯಲಿಲ್ಲ. ಇವಳು ಮಾತಾಡಿದರೆ ಕೇಳಿಸಿಕೊಂಡಂತೆ ಮಾತ್ರ ಇರುತ್ತಿರಲಿಲ್ಲ. ನಗುತ್ತಿದ್ದ, ಉಣ್ಣುತ್ತಿದ್ದ, ಮಲಗುತ್ತಿದ್ದ.

"ಒಂದು ದಿನ ಕನ್ನಡಿ ಮುಂದೆ ನಿಂತು ನಾನು ಇದ್ದೀನಾ ಇಲ್ವಾ ಅಂತ ಕೈ ಚಿವುಟಿ ನೋಡ್ಕೊಂಡೆ ಅಮ್ಮಾ. ತವರಿಗೆ ಬಂದು ಹೇಳಿದ್ರೆ, ಅಷ್ಟೇನಾ ಅಂದ್ರು. ಅಕ್ಕ ಅಷ್ಟೇನಾ ಅಂದ್ಳು, ಪಕ್ಕದ ಮನೆಯವರು ಅಷ್ಟೇನಾ ಅಂದ್ರು. ಮೈ ಮೇಲೆ ಗಾಯ ಇದ್ದಿದ್ರೆ ತೋರಿಸಬಹುದಿತ್ತು. ಇದನ್ನ ಹೆಂಗೆ ತೋರಿಸೋದು? ಅದಕ್ಕೇ ಸಿನಿಮಾ. ನೋಡಿದವರು ಮನೆಗೆ ಹೋಗಿ ದೀಪ ಹಾಕ್ಕೊಂಡು ಮಲಗ್ತಾರೆ. ಆಗ ಯಾರೂ ಅಷ್ಟೇನಾ ಅನ್ನಲ್ಲ."

ಜನ ಹೆದರಿಕೆಯನ್ನು ಹುಡುಕಿಕೊಂಡು ಯಾಕೆ ಹೋಗುತ್ತಾರೆಂದು ಇಸ್ತ್ರಿಯಮ್ಮನಿಗೆ ಯಾವತ್ತೂ ಅರ್ಥವಾಗಿರಲಿಲ್ಲ. ಇದ್ದ ಹೆದರಿಕೆಯೇ ಸಾಲದೇ ಎಂದುಕೊಳ್ಳುತ್ತಿದ್ದಳು. ಈಗ ತೋರಿತು: ಒಬ್ಬರೇ ಹೆದರುವುದಕ್ಕಿಂತ ಹತ್ತು ಜನ ಕೂಡಿ ಹೆದರುವುದು ಹಗುರ.

"ಆ ಮೇಣದ ನಗು ನನಗೆ ಕೊಡ್ತೀರಾ ಅಮ್ಮಾ? ಸಿನಿಮಾಕ್ಕೆ?"

"ನಗು ನೀನೇ ಮಾಡಿದ್ದು. ಬಾಯಿ ಬೇಕಾದ್ರೆ ತಗೋ."

ಜಾಗವನ್ನು ತೋರಿಸಿದವಳು ಇಸ್ತ್ರಿಯಮ್ಮ. ಊರಂಚಿನಲ್ಲಿ ಮುಚ್ಚಿಹೋದ ಉಗಿ ಲಾಂಡ್ರಿ ಇತ್ತು. ಆಸ್ಪತ್ರೆಗಳ ಚಾದರ, ಹೊದಿಕೆ ಎಲ್ಲ ಅಲ್ಲಿ ಒಗೆದು ಇಸ್ತ್ರಿಯಾಗುತ್ತಿತ್ತು. ಅವಳ ಹೆಸರಿಗೆ ಇಸ್ತ್ರಿ ಅಂಟಿದ್ದು ಅಲ್ಲೇ. ಈಗ ಅದರ ಹೆಸರೆತ್ತಿದರೆ ಜನ ದನಿ ತಗ್ಗಿಸುತ್ತಿದ್ದರು. ನಡು ಮಧ್ಯಾಹ್ನ ಒಳಗಿಂದ ಹೆಂಗಸು ಅಳುವುದು ಕೇಳುತ್ತದೆಂದು ಮಾತು. ಕಾವಲುಗಾರನೇ ಗೇಟು ದಾಟುತ್ತಿರಲಿಲ್ಲ.

"ಒಳಗೆ ಹೋಗ್ಬೇಡಿ, ಹಿಂದೆ ಯಾರೋ ನಿಂತಂಗಾಗುತ್ತೆ" ಎಂದ ಅವನು, ಬೀಗದಕೈಯನ್ನು ಉದ್ದಕ್ಕೆ ಚಾಚಿ.

"ನಿನ್ನ ಹಿಂದೆ ಯಾರಾದ್ರೂ ನಿಂತ್ಕೊಂಡ್ರೆ ಅವರಿಗೆ ಬೇರೆ ಕೆಲಸ ಇಲ್ಲ ಅಂತ ಅರ್ಥ" ಎಂದಳು ಇಸ್ತ್ರಿಯಮ್ಮ.

ಒಳಗೆ ಎತ್ತರದ ಸೂರು. ಅರ್ಧಕ್ಕೆ ಹಸಿರು ಬಣ್ಣ ಬಳಿದ ಕಿಟಕಿಗಳಿಂದ ಬಿಸಿಲು ಕೊಳದ ನೀರಿನ ಹಾಗೆ ಬೀಳುತ್ತಿತ್ತು. ಬಟ್ಟೆ ಒಗೆಯುವ, ಗುಂಡು ಗಾಜಿನ ಬಾಗಿಲುಗಳ ದೊಡ್ಡ ಪೀಪಾಯಿಗಳು ಕಣ್ಣು ಬಿಟ್ಟುಕೊಂಡು ಕೂತಿದ್ದವು. ಸೂರಿನ ಕಂಬಿಯಲ್ಲಿ ತುಕ್ಕು ಹಿಡಿದ ಕೊಕ್ಕೆಗಳು. ಗಾಳಿ ಬೀಸಿದಾಗ ಎಲ್ಲೋ 'ಕುಂಯ್' ಎಂದಿತು. ಗುಮ್ಮಕ್ಕನ ಕಣ್ಣು ಮಿನುಗಿತು.

"ಅಳೋದಲ್ಲ ಬಿಡೇ. ಪೀಪಾಯಿ ಬಾಗಿಲ ರಬ್ಬರು ಒಣಗಿದೆ" ಎಂದಳು ಇಸ್ತ್ರಿಯಮ್ಮ. ನಂತರ, "ಇಲ್ಲಿ ಹೆದರಿಕೆ ಆಗ್ತಿದ್ದದ್ದು ಒಂದಕ್ಕೇ. ಜೊತೆಯವರು ಬರದೆ ಒಬ್ಬಳೇ ಮಡಚೋ ದಿನ" ಎಂದಳು.

ದೊಡ್ಡ ಚಾದರ ಮಡಚಲು ಇಬ್ಬರು ಬೇಕು. ಆಚೆ ತುದಿ ಒಬ್ಬರು, ಈಚೆ ತುದಿ ಒಬ್ಬರು. ಒದರಿ, ಬಿಗಿಹಿಡಿದು, ಅರ್ಧಕ್ಕೆ ಮಡಿಸಿ ಹತ್ತಿರ ಬರಬೇಕು. ತುದಿ ಕೈಗೆ ಕೊಟ್ಟು, ಬಗ್ಗಿ ಕೆಳಗಿನ ಮಡಿಕೆ ಹಿಡಿದು ಹಿಂದೆ ಸರಿಯಬೇಕು. ಮತ್ತೆ ಹತ್ತಿರ ಬರಬೇಕು. ಪ್ರತಿ ಮಡಿಕೆಗೂ ಇಬ್ಬರ ನಡುವಿನ ದೂರ ಅರ್ಧವಾಗುತ್ತದೆ. ಇಸ್ತ್ರಿಯಮ್ಮನ ಗಂಡ ಆಚೆ ತುದಿಯವನಾಗಿದ್ದ. ಅವರ ಮದುವೆಯ ಮಾತನ್ನು ಹಿರಿಯರು ಆಡುವ ಮೊದಲೇ ಚಾದರಗಳು ಆಡಿ ಮುಗಿಸಿದ್ದವು. ಅವನು ತೀರಿಹೋದ ಮೇಲೆ ಅವಳು ಮನೆಯಲ್ಲಿ ಚಾದರದ ತುದಿಯನ್ನು ಗದ್ದಕ್ಕೆ ಒತ್ತಿಕೊಂಡು ಒಬ್ಬಳೇ ಮಡಚುವುದನ್ನು ಕಲಿತಳು. ಮಡಿಕೆ ಯಾವತ್ತೂ ಸೊಟ್ಟ.

ಇಷ್ಟನ್ನು ಕೇಳಿ ಗುಮ್ಮಕ್ಕ ನೆಲದ ಮೇಲೆ ಕೂತುಬಿಟ್ಟಳು. "ಸಿನಿಮಾ ಸಿಕ್ತು" ಎಂದಳು.

ರಾತ್ರಿ ತೆಗೆಯೋಣವೇ ಎಂದು ಇಸ್ತ್ರಿಯಮ್ಮ ಕೇಳಿದ್ದಕ್ಕೆ ಗುಮ್ಮಕ್ಕ ಮೂಗು ಮುರಿದಳು. "ರಾತ್ರಿ ಹೆದರೋಕೆ ಯಾರಿಗಾದ್ರೂ ಬರುತ್ತೆ. ಹಗಲು ಹೆದರಬೇಕು, ಬಿಸಿಲಲ್ಲಿ, ಒಗೆದ ಬಟ್ಟೆ ವಾಸನೆ ಬರೋವಾಗ." ಹಾಗೆಯೇ ನಡು ಹಗಲಲ್ಲಿ ತೆಗೆದರು. ಗುಮ್ಮಕ್ಕ ಹೊಸದಾಗಿ ಮೇಣದ ಹಲ್ಲು ಮಾಡಿ ತಂದಿದ್ದಳು, ಜೊತೆಗೆ ಫ್ಲಾಸ್ಕಿನಲ್ಲಿ ಬಿಸಿ ಚಹಾ. ಫೋನನ್ನು ಕಂಬಕ್ಕೆ ಕಟ್ಟಿ, ಚಾದರದ ಆಚೆ ತುದಿಯನ್ನು ಕೊಕ್ಕೆಗೆ ಸಿಕ್ಕಿಸಿದಳು.

"ಕೊಕ್ಕೆಗೆ ಕಟ್ಟಿದ್ರೆ ಬಟ್ಟೆ ಸತ್ತಂಗಿರುತ್ತೆ" ಎಂದಳು ಇಸ್ತ್ರಿಯಮ್ಮ. "ಆಚೆ ಕೈ ಇದ್ರೆ ಉಸಿರಾಡುತ್ತೆ. ನೀನೇ ಹಿಡಿ. ಎಳೀಬೇಡ ಕಣೇ, ಎಮ್ಮೆ ಹಗ್ಗ ಅಲ್ಲ ಅದು. ಹಿಡ್ಕೊಂಡಿರು ಅಷ್ಟೇ."

ಗುಮ್ಮಕ್ಕ ಫೋನಿನ ಕಣ್ಣಿಗೆ ಬೀಳದ ಕಡೆ ನಿಂತು ಹಿಡಿದಳು. ಇಸ್ತ್ರಿಯಮ್ಮ ಚಹಾ ಕುಡಿದು ಲೋಟ ಇಟ್ಟಳು. ಒದರಿದಳು, ಬಿಗಿಹಿಡಿದಳು. ಆಚೆಯಿಂದ ಬಟ್ಟೆ ಹದವಾಗಿ ಉತ್ತರ ಕೊಟ್ಟಿತು. ಎಷ್ಟೋ ವರ್ಷದ ಮೇಲೆ ಬಂದ ಆ ಉತ್ತರಕ್ಕೆ ಅವಳ ಕೈ ತಾನಾಗಿ ಮುಂದಿನ ಮಡಿಕೆಗೆ ಹೋಯಿತು. ಅವಳಿಗೆ ಅಳು ಬರಬಹುದೆಂದು ಗುಮ್ಮಕ್ಕ ಎಣಿಸಿದ್ದಳು. ಬಂದದ್ದು ಕೋಪ. ಹೇಳದೆ ಕೇಳದೆ ಕೈ ಬಿಟ್ಟು ಹೋದವನ ಮೇಲಿನ ಕೋಪ. ಆ ಕೋಪದ ಮುಖದ ಮೇಲೆ ಮೇಣ ಕರಗಿ ನಗು ಜಾರತೊಡಗಿತು. ಕೊನೆಯ ಮಡಿಕೆಗೆ ಅವಳು ಎರಡೂ ತುದಿಗಳನ್ನು ಮುಂದಕ್ಕೆ, ಫೋನಿಗೆ ಕಾಣದ ಕೈಗಳತ್ತ ಚಾಚಿದಳು, ಕೈ ಬಿಟ್ಟಳು.

ಬಟ್ಟೆ ಕೆಳಗೆ ಬೀಳಲಿಲ್ಲ. ಸಿನಿಮಾ ಅಲ್ಲಿಗೆ ಮುಗಿಯುತ್ತಿತ್ತು.

ಅದನ್ನು ಒಂದು ಶಾಲೆಯ ಸಭಾಂಗಣದಲ್ಲಿ ತೋರಿಸುವುದೆಂದು ಗೊತ್ತಾಯಿತು. ಕೂಟದವರು ಆ ಮುಖದ ಒಂದು ಚಿತ್ರವನ್ನು ಮೊದಲೇ ಎಲ್ಲರ ಫೋನಿಗೆ ಹರಿಯಬಿಟ್ಟರು. ಇಸ್ತ್ರಿಯಮ್ಮನ ಮಗ ಒಂದು ಲಿಫ್ಟಿನ ಚಾವಣಿಯ ಮೇಲೆ ಕೂತು ಹಗ್ಗಕ್ಕೆ ಎಣ್ಣೆ ಹಾಕುತ್ತಿದ್ದಾಗ, ಕೆಳಗೆ ಬಾಗಿಲಲ್ಲಿ ಕಾಯುತ್ತಿದ್ದ ಇಬ್ಬರು ಫೋನು ನೋಡಿ, "ಯಪ್ಪಾ, ಈ ಮುದುಕಿ ನೋಡೋ! ಕನಸಲ್ಲಿ ಬಂದ್ರೆ ಗತಿಯೇನು!" ಎಂದರು. ಅವನೂ ಸಂದಿಯಲ್ಲಿ ಬಗ್ಗಿ ನೋಡಿದ. ಹೆತ್ತ ತಾಯಿ.

ಸಂಜೆ ಮನೆಯಲ್ಲಿ ರಂಪ. "ಮಾನ ಬೀದಿಪಾಲಾಯ್ತು. ಜನ ಏನಂದ್ಕೊಳ್ತಾರೆ? ಮಗ ತಾಯಿಗೆ ಊಟ ಹಾಕದೆ ದೆವ್ವದ ವೇಷ ಹಾಕ್ಸಿದ್ದಾನೆ ಅಂತಾರೆ!"

"ವೇಷ ಹಾಕಿಲ್ವಲ್ಲೋ, ನನ್ನ ಮುಖವೇ ಅದು."

"ಅತ್ತೆ, ನೀವಾದ್ರೂ ನಮ್ಮ ಬಗ್ಗೆ ಯೋಚ್ನೆ ಮಾಡ್ಬಾರ್ದಾ?" ಎಂದಳು ಸೊಸೆ, ಕಣ್ಣಲ್ಲಿ ನೀರು ತಂದುಕೊಂಡು.

ಮರುದಿನ ಗಟ್ಟಿ ಹಲ್ಲು ತೊಡಿಸುವ ದಿನ. ಮಗನೂ ಸೊಸೆಯೂ ಜೊತೆಗೇ ಬಂದರು. ಡಾಕ್ಟರಿಗೂ ಚಿತ್ರ ತಲುಪಿತ್ತು. ಅವರು ಗುಮ್ಮಕ್ಕನನ್ನು ಕರೆದು ನಿಲ್ಲಿಸಿದ್ದರು. ಅವರೂ ರಾಕ್ಷಸರೇನಲ್ಲ, ಹೆಂಗಸೊಬ್ಬಳು ಹಲ್ಲು ಕಟ್ಟುವುದೆಂದರೆ ಊರು ನಗುವ ಕಾಲದಲ್ಲಿ ಅವಳಿಗೆ ಕೆಲಸ ಕೊಟ್ಟವರು. ಆದರೆ ಈಗ ಅವರ ಕಿವಿ ಕೆಂಪಾಗಿತ್ತು.

"ನನ್ನ ಮೇಣ, ನನ್ನಲ್ಲಿಯ ಹಲ್ಲು. ಇದನ್ನ ನೋಡಿದವರು ನಾಳೆ ನಮ್ಮಲ್ಲಿ ಬಾಯಿ ತೆರೀತಾರೇನಮ್ಮಾ? ಅಳಿಸಿಬಿಡು. ಬೇಕಾದ್ರೆ ಅಜ್ಜಿದು ಹೊಸ ಹಲ್ಲಲ್ಲಿ ಒಂದು ಚೆಂದದ ನಗು ತೆಗಿ, ನಾನೇ ಗೋಡೆಗೆ ಹಾಕಿಸ್ತೀನಿ. ಅದು ಬಿಟ್ಟು ಇದನ್ನೇ ತೋರಿಸ್ತೀನಿ ಅಂದ್ರೆ ಈ ಬಾಗಿಲು ನಿನಗೆ ಮುಚ್ಚಿತು ಅಂತ ತಿಳ್ಕೋ."

ಗುಮ್ಮಕ್ಕ ಡಾಕ್ಟರ ಕಡೆ ನೋಡಲಿಲ್ಲ. "ಅಮ್ಮಾ, ಮುಖ ನಿಮ್ಮದು. ನೀವು ಬೇಡ ಅಂದ್ರೆ ಇಲ್ಲೇ, ಈಗಲೇ ಅಳಿಸ್ತೀನಿ. ಬೇರೆ ಯಾರು ಹೇಳಿದ್ರೂ ಅಳಿಸಲ್ಲ."

ಮಗ, "ಹೇಳಮ್ಮಾ, ಬೇಡ ಅನ್ನು" ಎಂದ.

ಹೊಸ ಹಲ್ಲು ಇಸ್ತ್ರಿಯಮ್ಮನ ಬಾಯಲ್ಲಿ ಕೂತಿತ್ತು. ಚೆನ್ನಾಗಿಯೇ ಕೂತಿತ್ತು; ಮಾಡಿದವಳ ಕೈ ಅಂಥದ್ದು. ಅವಳು ಒಂದೊಂದೇ ಮಾತನ್ನು ತೂಗಿ ಕೇಳಿದಳು.

"ನಾನು ಬೇಡ ಅಂದ್ರೆ ನಿನ್ನ ಕೆಲಸ ಉಳಿಯುತ್ತೆ, ಅಲ್ವಾ?"

"ಉಳಿಯುತ್ತೆ."

"ತೋರ್ಸು ಅಂದ್ರೆ?"

"ಹಲ್ಲು ಎಲ್ಲ ಊರಲ್ಲೂ ಉದುರುತ್ತೆ ಅಮ್ಮಾ."

ಗುಮ್ಮಕ್ಕ ಅದನ್ನು ನಗುತ್ತಾ ಹೇಳಿದಳು. ಆದರೆ ಅವಳ ಕೈ ಅಂಗಿಯ ಅಂಚನ್ನು ತಿರುಚುತ್ತಿದ್ದದ್ದು ಇಸ್ತ್ರಿಯಮ್ಮನಿಗೆ ಕಾಣುತ್ತಿತ್ತು. ಬೇಡ ಎನ್ನುವುದು ಸುಲಭ. ಒಂದು ಮಾತಿಗೆ ಈ ಹೆಣ್ಣಿನ ಅನ್ನ ಉಳಿಯುತ್ತದೆ, ಮಗನ ಮಾನ ಉಳಿಯುತ್ತದೆ, ಸೊಸೆಯ ಕಣ್ಣೀರು ನಿಲ್ಲುತ್ತದೆ. ಎಲ್ಲರಿಗೂ ಒಳ್ಳೆಯದು. ಹೀಗೆ ಎಲ್ಲರಿಗೂ ಒಳ್ಳೆಯದಾಗಲೆಂದೇ ಅವಳು ಇಷ್ಟು ವರ್ಷ ಒಳಮನೆಯಲ್ಲಿ ಕೂತದ್ದು. ಇವಳನ್ನು ಉಳಿಸುತ್ತೇನೆಂದು ಇವಳು ಮಾಡಿದ್ದನ್ನು ಅಳಿಸಿದರೆ, ನಾನೂ ಅಷ್ಟೇನಾ ಅಂದಂತೆ ಎಂದು ಅವಳಿಗೆ ಅನಿಸಿತು.

ಅವಳು ಹಲ್ಲಿನ ಎರಡೂ ಸಾಲನ್ನು ತೆಗೆದು ಡಾಕ್ಟರ ತಟ್ಟೆಯಲ್ಲಿಟ್ಟಳು. ಮುಖ ತನ್ನ ಜಾಗಕ್ಕೆ ಮರಳಿತು.

"ಹಲ್ಲು ಚೆನ್ನಾಗಿದೆ ಡಾಕ್ಟ್ರೇ, ಉಣ್ಣೋವಾಗ ಹಾಕ್ಕೊಳ್ತೀನಿ. ಮಾತಾಡೋಕೆ ಇದೇ ಬಾಯಿ ಸಾಕು. ಏನೋ ಮಗನೇ, ನನ್ನ ಮುಖ ಕಂಡು ಆ ಇಬ್ಬರು ಹೆದರಿದ್ರಲ್ಲ, ನಾಚಿಕೆ ಪಡಬೇಕಾದ್ದು ನೀನಾ, ಅವರಾ? ನಾನು ಮುದುಕಿ. ಮುದುಕಿಯರು ಇರ್ತಾರೆ. ಹೆದರೋರು ಹೆದರ್ಲಿ, ನೋಡೋರು ನೋಡ್ಲಿ. ತೋರ್ಸೇ ಗುಮ್ಮಕ್ಕ."

ಗುಮ್ಮಕ್ಕ ಕನ್ನಡಕ ತೆಗೆದು ಒರೆಸಿಕೊಂಡಳು. ಆಮೇಲೆ ಗೋಡೆಯಾಚೆ ಹೋಗಿ, ತನ್ನ ಚಾಕು, ದೀಪ, ಬ್ರಷ್ಷುಗಳನ್ನು ಒಂದು ಚೀಲಕ್ಕೆ ತುಂಬಿಕೊಂಡು ಬಂದಳು.

ತೋರಿಸಿದ ದಿನ ಸಭಾಂಗಣದ ಕಿಟಕಿಗಳಿಗೆ ಹಳೆ ಪೇಪರು ಅಂಟಿಸಿದ್ದರು. ಸಂದಿಗಳಿಂದ ಬಿಸಿಲು ಒಳಗೆ ಬೀಳುತ್ತಿತ್ತು. ಇಸ್ತ್ರಿಯಮ್ಮ ಹಲ್ಲು ಮನೆಯಲ್ಲಿಟ್ಟು, ಮುಂದಿನ ಸಾಲಿನಲ್ಲಿ, ಎಲ್ಲರಿಗೂ ಕಾಣುವಂತೆ ಕೂತಳು. ಮಗ ಬರಲಿಲ್ಲ. ಕರೆಯದೆಯೂ ಸೊಸೆ ಬಂದಳು. ಅತ್ತೆ ಒಬ್ಬರೇ ಹೋದರೆ ಜನ ಏನೆನ್ನುತ್ತಾರೆ ಎಂಬ ನೆಪ ಹೇಳಿ ಬಾಗಿಲ ಬಳಿ ಕೂತಳು.

ಮೊದಲು ನಾಲ್ಕಾರು ಜನ ಕಿಸಕ್ಕೆಂದರು. ಚಾದರದ ಎರಡನೇ ಮಡಿಕೆಗೆ ನಗು ನಿಂತಿತು. ಆಚೆ ತುದಿ ಹಿಡಿದವರು ಯಾರೆಂದು ಎಲ್ಲರೂ ಪರದೆಯ ಅಂಚಿಗೆ ಕತ್ತು ಚಾಚುತ್ತಿದ್ದರು, ಪರದೆಯ ಪಕ್ಕದಲ್ಲಿ ಬರೀ ಗೋಡೆಯಿದೆ ಎಂಬುದನ್ನೂ ಮರೆತು. ಕೊನೆಗೆ ಬಟ್ಟೆ ಬೀಳದೆ ನಿಂತಾಗ ಯಾವುದೋ ಕುರ್ಚಿ ಕರಕರ ಎಂದಿತು, ಅಷ್ಟೇ. ದೀಪ ಹಾಕಿದ ಮೇಲೆ ಹಿಂದಿನ ಸಾಲಿನ ಒಬ್ಬ ಹರೆಯದವನು ಎದೆ ಉಬ್ಬಿಸಿ, "ಅಷ್ಟೇನಾ?" ಎಂದು ಕೂಗಿದ. ಸ್ವಲ್ಪ ಹೊತ್ತಿಗೆ ಅವನೇ ಗೆಳೆಯನ ತೋಳು ಹಿಡಿದು, "ಬಾರೋ, ಟಾಯ್ಲೆಟ್ಟಿಗೆ ಹೋಗಿ ಬರೋಣ" ಎನ್ನುತ್ತಿದ್ದುದನ್ನು ಕೇಳಿ ಗುಮ್ಮಕ್ಕ ಇಸ್ತ್ರಿಯಮ್ಮನ ಪಕ್ಕೆ ತಿವಿದಳು. ಇಬ್ಬರೂ ಬಾಯಿ ಮುಚ್ಚದೆ ನಕ್ಕರು.

ಮೂರನೆಯ ದಿನ ಬೆಳಿಗ್ಗೆ ಸೊಸೆ ಕೆಂಪು ಕಣ್ಣಿನಲ್ಲಿ ಬಂದು ನಿಂತಳು. "ಅತ್ತೆ, ನಿಜ ಹೇಳಿ. ಆಚೆ ಕಡೆ ಹಿಡ್ಕೊಂಡಿದ್ದದ್ದು ಯಾರು? ನನಗೆ ಕಣ್ಣು ಮುಚ್ಚೋಕೆ ಆಗ್ತಿಲ್ಲ."

"ಹೇಳಲ್ಲ ಹೋಗು" ಎಂದಳು ಇಸ್ತ್ರಿಯಮ್ಮ.

ಗುಮ್ಮಕ್ಕನಿಗೆ ಆ ಊರಿನಲ್ಲಿ ಬೇರೆ ಕೆಲಸ ಹುಟ್ಟಲಿಲ್ಲ. ದೂರದ ಪಟ್ಟಣವೊಂದರಲ್ಲಿ ಹಲ್ಲು ಕಟ್ಟುವ ದೊಡ್ಡ ಕೋಣೆಯಲ್ಲಿ ಮೂಲೆಯ ಬೆಂಚು ಸಿಕ್ಕಿತೆಂದು ಚೀಲ ಹೊತ್ತು ಹೋದಳು. ಡಾಕ್ಟರ ಗೋಡೆಯಾಚೆಗಿಂತ ಅಲ್ಲಿ ಪುಡಿ ಹೆಚ್ಚು. ಅಲ್ಲೂ ಎರಡು ಸಿನಿಮಾ ತೆಗೆದಳು. ಒಂದನ್ನು ಅಲ್ಲಿನವರು ತೋರಿಸಬಾರದೆಂದು ತಡೆದರು, ಅವಳು ತೋರಿಸಿಯೇ ತೀರಿದಳು. ಆದರೆ ಇಷ್ಟು ವರ್ಷ ಊರೂರಿನ ದವಡೆ ಉಜ್ಜಿದ ಪುಡಿ ಅವಳ ಎದೆಯೊಳಗೆ ಇಳಿದು ಕೂತಿತ್ತು. ಅದು ಕೆಮ್ಮಿಗೆ ಜಗ್ಗಲಿಲ್ಲ, ಮದ್ದಿಗೂ ಜಗ್ಗಲಿಲ್ಲ. ಹಾಸಿಗೆ ಹಿಡಿದಳು, ಮೇಲೇಳಲಿಲ್ಲ. ಹೋದ ಸುದ್ದಿ ಬಂದ ದಿನ ಇಸ್ತ್ರಿಯಮ್ಮ ಯಾರು ಹೇಳಿದರೂ ಒಳಗೆ ಹೋಗದೆ, ಬೀದಿ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತಳು. ಹೋಗುವವರು ಬರುವವರೆಲ್ಲ ಆ ಮುಖವನ್ನು ನೋಡಿಕೊಂಡೇ ಹೋದರು. ಪಾಪ, ಹೀಗಾಗಬಾರದಿತ್ತು, ಇಲ್ಲೇ ಮಾತು ಕೇಳಿಕೊಂಡು ಇದ್ದಿದ್ದರೆ ಎಂದು ಮಗ ಶುರುಮಾಡಿದ. ಅವಳು ಕೈ ಎತ್ತಿ ತಡೆದಳು. ಮಾತು ಕೇಳಿಕೊಂಡು ಇದ್ದವರೆಲ್ಲ ನೂರು ವರ್ಷ ಬಾಳಿದ್ದನ್ನು ಅವಳು ಕಂಡಿರಲಿಲ್ಲ.

ಆ ಸುದ್ದಿಗೆ ಸ್ವಲ್ಪ ಮುಂಚೆ ಒಂದು ಮಧ್ಯಾಹ್ನ ಗುಮ್ಮಕ್ಕನ ಫೋನು ಬಂದಿತ್ತು. ಸೊಸೆಯೇ ತಂದು ಅತ್ತೆಯ ಕಿವಿಗೆ ಹಿಡಿದಳು, ತಾನೂ ಕಿವಿಗೊಟ್ಟು ನಿಂತಳು. ಆಚೆಯಿಂದ ಉಸಿರು ಮೊದಲು ಬರುತ್ತಿತ್ತು, ಮಾತು ಹಿಂದಿನಿಂದ.

"ಅಮ್ಮಾ, ಇಲ್ಲೊಂದು ಮುಚ್ಚಿದ ಈಜುಕೊಳ ಇದೆ. ಆಸ್ಪತ್ರೆ ಕಿಟಕಿಯಿಂದ ಕಾಣುತ್ತೆ. ಎಷ್ಟು ದೊಡ್ಡದು ಅಂತೀರಿ! ನೀಲಿ ಗೋಡೆ, ಏಣಿ, ತಳದಲ್ಲಿ ಒಂದೇ ಒಂದು ಕುರ್ಚಿ. ನೀರಿಲ್ಲ."

"ಮಲಕ್ಕೋ ಸುಮ್ನೆ. ಡಾಕ್ಟ್ರು ಏನಂದ್ರು?"

"ಅವರು ಅನ್ನೋದು ಇದ್ದೇ ಇರುತ್ತೆ." ಕೆಮ್ಮು ಬಂತು, ಅದು ಮುಗಿಯುವ ತನಕ ಇಬ್ಬರೂ ಕಾದರು. "ನಾನು ಎದ್ದ ತಕ್ಷಣ ಬರ್ಬೇಕು ನೀವು. ನೀರಿಲ್ಲದ ಕೊಳ, ನಡು ಬಿಸಿಲು. ನೀವು ಏಣಿ ಇಳೀತೀರಿ, ಮೆಲ್ಲಗೆ ಕೈ ಚಾಚ್ತೀರಿ, ನೀರಿರೋ ಹಾಗೇನೇ. ನೋಡ್ತಾ ನೋಡ್ತಾ ನೋಡೋರ ಉಸಿರು ಕಟ್ಟಬೇಕು. ಅಮ್ಮಾ, ಕೇಳಿಸ್ತಿದೆಯಾ?"

"ಕೇಳಿಸ್ತಿದೆ ಹೇಳೇ."

"ನಿಮಗೆ ಈಜು ಬರುತ್ತಾ?"